200 ಮಿಲಿಗ್ರಾಂ ಹಿಂದಿನ ಕಥೆ

ಔಷಧಿಗಳ ಇತಿಹಾಸ ಓದೋ ಹುಚ್ಚು ನನಗೆ ಸ್ವಲ್ಪ ಜಾಸ್ತಿ. ರಾಜರ ಕಥೆ ಅವರ ಕಾಲಕ್ಕೇ ಮುಗಿದುಹೋಗುತ್ತೆ. ಮಾತ್ರೆಯ ಕಥೆ ಹಾಗಲ್ಲ, ಅದು ಇವತ್ತೂ ನಮ್ಮ ಆಫೀಸ್ ಬ್ಯಾಗಿನ ಸಣ್ಣ ಜೇಬಲ್ಲಿ, ಅರ್ಧ ಖಾಲಿಯಾದ ಸ್ಟ್ರಿಪ್ಪಿನಲ್ಲಿ ಕೂತಿರುತ್ತೆ. ಐಬುಪ್ರೊಫೆನ್ ಅಂಥದ್ದೊಂದು. ಆ ಹೆಸರು ಕೇಳಿಲ್ಲ ಅಂದ್ರೂ ಬ್ರೂಫೆನ್ ಅಂತ ಕೇಳಿರ್ತೀರಿ, ಕಾಂಬಿಫ್ಲಾಮ್ ಅಂತೂ ಒಂದಲ್ಲ ಒಂದು ಸಲ ನುಂಗೇ ಇರ್ತೀರಿ. ತಲೆನೋವು, ಹಲ್ಲುನೋವು, ಮುಟ್ಟಿನ ಹೊಟ್ಟೆನೋವು, ಜಿಮ್‌ಗೆ ಸೇರಿದ ಮೊದಲ ವಾರದ ಮೈಕೈ ನೋವು, ಎಲ್ಲಕ್ಕೂ ಅದೇ.

ಇಷ್ಟು ಸಲೀಸಾಗಿ ನಾವು ನುಂಗೋ ಈ ಮಾತ್ರೆಯನ್ನು ಹುಡುಕಿದವರು ಮಾತ್ರ ಸಲೀಸಾಗಿ ಏನನ್ನೂ ನಂಬಿದವರಲ್ಲ. ನನಗೆ ಈ ಕಥೆ ಇಷ್ಟವಾಗೋದು ಅದಕ್ಕೇ.

1950ರ ದಶಕದ ಇಂಗ್ಲೆಂಡ್. ಊರು ನಾಟಿಂಗ್‌ಹ್ಯಾಂ. ಬೂಟ್ಸ್ ಅನ್ನೋ ಔಷಧಿ ಕಂಪನಿಯಲ್ಲಿ ಸ್ಟೀವರ್ಟ್ ಆಡಮ್ಸ್ ಅಂತ ಒಬ್ಬ ವಿಜ್ಞಾನಿ ಇದ್ದರು. ಹುಟ್ಟಿದ್ದು 1923ರಲ್ಲಿ. ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ಬೂಟ್ಸ್‌ನದೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯೋಕೆ ಸೇರಿದ ಹುಡುಗ ಇವರು. ಆಮೇಲೆ ಫಾರ್ಮಸಿ ಓದಿದರು, ಪಿಎಚ್‌ಡಿ ಮಾಡಿದರು, ಮತ್ತೆ ಅದೇ ಕಂಪನಿಯ ಸಂಶೋಧನಾ ವಿಭಾಗಕ್ಕೆ ಬಂದರು. ಪ್ರಯೋಗಾಲಯ ಅಂದ್ರೆ ದೊಡ್ಡ ಗಾಜಿನ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಊರಿನ ಅಂಚಿನಲ್ಲಿದ್ದ ಒಂದು ಹಳೇ ವಿಕ್ಟೋರಿಯನ್ ಮನೆ, ಅದರ ಮುಂಭಾಗದ ಕೋಣೆ. ಅಷ್ಟೇ.

ಅವರ ತಲೆಯಲ್ಲಿದ್ದ ಕಾಯಿಲೆ ರುಮಟಾಯ್ಡ್ ಆರ್ಥ್ರೈಟಿಸ್. ಕೈಕಾಲಿನ ಕೀಲುಗಳೆಲ್ಲ ಊದಿಕೊಂಡು, ಬೆಳಗ್ಗೆ ಎದ್ದರೆ ಬೆರಳು ಮಡಚೋಕೂ ಆಗದಂತೆ ಮಾಡೋ ರೋಗ. ಆಗ ಇದಕ್ಕೆ ಇದ್ದ ಮುಖ್ಯ ಔಷಧಿ ಆಸ್ಪಿರಿನ್. ಆದರೆ ಒಂದೆರಡು ಮಾತ್ರೆಗೆ ಬಗ್ಗೋ ನೋವಲ್ಲ ಅದು. ದಿನಾ ದೊಡ್ಡ ಪ್ರಮಾಣದಲ್ಲಿ, ತಿಂಗಳುಗಟ್ಟಲೆ ತಗೋಬೇಕಿತ್ತು. ಅಷ್ಟು ಆಸ್ಪಿರಿನ್ ಹೊಟ್ಟೆಗೆ ಹೋದರೆ ಹುಣ್ಣಾಗುತ್ತೆ, ರಕ್ತ ಸೋರುತ್ತೆ, ಕಿವಿಯಲ್ಲಿ ಗುಂಯ್‌ಗುಡೋಕೆ ಶುರುವಾಗುತ್ತೆ. ಇನ್ನೊಂದು ಕಡೆ ಕಾರ್ಟಿಸೋನ್ ಬಂದಿತ್ತು. ಅದನ್ನು ಬಳಕೆಗೆ ತಂದವರಿಗೆ 1950ರಲ್ಲಿ ನೊಬೆಲ್ ಕೂಡ ಸಿಕ್ಕಿತ್ತು. ಆದರೆ ಅದನ್ನು ವರ್ಷಗಟ್ಟಲೆ ಕೊಟ್ಟಾಗ ಆಗುವ ಅನಾಹುತಗಳೂ ಬೇಗನೇ ಗೊತ್ತಾದವು. ಹಾಗಾಗಿ ಆಡಮ್ಸ್ ಹುಡುಕಿದ್ದು ಸ್ಟೀರಾಯ್ಡ್ ಅಲ್ಲದ, ಆಸ್ಪಿರಿನ್‌ನಷ್ಟು ಹೊಟ್ಟೆ ಕೆಡಿಸದ, ದಿನಾ ನುಂಗಿದರೂ ದೇಹ ತಡೆದುಕೊಳ್ಳೋ ಒಂದು ಔಷಧಿಯನ್ನು. ಅಂದ್ರೆ ಬರೀ ಜೋರಾದ ನೋವಿನ ಮಾತ್ರೆ ಬೇಕಿರಲಿಲ್ಲ, ಸಹಿಸಿಕೊಳ್ಳಬಹುದಾದ ಮಾತ್ರೆ ಬೇಕಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕೆಲಸ ಶುರುವಾಗಿದ್ದು 1953ರಲ್ಲಿ. ಜೊತೆಗಿದ್ದವರು ಜಾನ್ ನಿಕೋಲ್ಸನ್ ಅನ್ನೋ ರಸಾಯನಶಾಸ್ತ್ರಜ್ಞ. ನಿಕೋಲ್ಸನ್ ಹೊಸ ಹೊಸ ಸಂಯುಕ್ತಗಳನ್ನು ತಯಾರಿಸೋದು, ಆಡಮ್ಸ್ ಪರೀಕ್ಷೆ ಮಾಡೋದು. ಗಿನಿಪಿಗ್‌ನ ಮೈಮೇಲೆ ಒಂದಿಷ್ಟು ಜಾಗದ ಕೂದಲು ತೆಗೆದು, ಅಲ್ಲಿಗೆ ಅತಿನೇರಳೆ ಬೆಳಕು ಬಿಟ್ಟರೆ ಚರ್ಮ ಕೆಂಪಾಗುತ್ತೆ. ಮೊದಲೇ ಔಷಧಿ ಕೊಟ್ಟಿದ್ದರೆ ಆ ಕೆಂಪು ಎಷ್ಟು ತಡವಾಗುತ್ತೆ ಅಂತ ನೋಡೋದು. ಹೀಗೆ ಪರೀಕ್ಷೆ ಮಾಡಿದ ಸಂಯುಕ್ತಗಳು 600ಕ್ಕೂ ಹೆಚ್ಚು. ನಡುವೆ ಕೆಲವು ರೋಗಿಗಳವರೆಗೂ ಹೋದವು. ಒಂದಕ್ಕೆ ಗುಣ ಸಾಲದು, ಇನ್ನೊಂದು ಮೈಮೇಲೆ ದದ್ದು ಎಬ್ಬಿಸಿತು. ಐಬುಫೆನಾಕ್ ಅನ್ನೋದು ಪಾಸಾಗಿ 1966ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೂ ಬಂತು. ಆದರೆ ದೀರ್ಘಕಾಲ ತಗೊಂಡ ಕೆಲವರಿಗೆ ಕಾಮಾಲೆ ಕಾಣಿಸಿಕೊಂಡಿತು. ಪಿತ್ತಜನಕಾಂಗಕ್ಕೆ ಪೆಟ್ಟು. 1968ರಲ್ಲಿ ಅದನ್ನು ವಾಪಸ್ ತಗೊಂಡರು.

ಅಷ್ಟರಲ್ಲಿ, 1961ರಲ್ಲೇ, ಐಬುಫೆನಾಕ್‌ನ ಹತ್ತಿರದ ಸಂಬಂಧಿಯೊಂದು ತಯಾರಾಗಿತ್ತು. ಅಣುವಿನಲ್ಲಿ ಒಂದೇ ಒಂದು ಸಣ್ಣ ಮಿಥೈಲ್ ಗುಂಪು ಹೆಚ್ಚು. ಆ ಸಣ್ಣ ವ್ಯತ್ಯಾಸದಿಂದ ಪಿತ್ತಜನಕಾಂಗದ ತೊಂದರೆ ತಪ್ಪಿತು. ಅದೇ ಐಬುಪ್ರೊಫೆನ್. 1966ರಲ್ಲಿ ಎಡಿನ್‌ಬರೋದ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು, ನೋವು ಇಳಿಯಿತು. 1969ರಲ್ಲಿ ಬ್ರೂಫೆನ್ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾಯ್ತು. 1974ರಲ್ಲಿ ಅಮೆರಿಕ. ಎರಡೂ ಕಡೆ ವೈದ್ಯರ ಚೀಟಿ ಇದ್ದರೆ ಮಾತ್ರ.

ಈ ಮಧ್ಯೆ ಎಲ್ಲರೂ ಹೇಳೋ ಒಂದು ಪ್ರಸಂಗ ಇದೆ. 1971ರಲ್ಲಿ ಆಡಮ್ಸ್ ಮಾಸ್ಕೋದ ಒಂದು ಸಮ್ಮೇಳನಕ್ಕೆ ಹೋಗಿದ್ದರು. ಹಿಂದಿನ ರಾತ್ರಿ ವೋಡ್ಕಾ ಸ್ವಲ್ಪ ಜಾಸ್ತಿಯಾಗಿ ಬೆಳಗ್ಗೆ ಭಾಷಣದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. 600 ಮಿಲಿಗ್ರಾಂ ಐಬುಪ್ರೊಫೆನ್ ನುಂಗಿದರು, ತಲೆನೋವು ಹೋಯ್ತು. ವೀಕೆಂಡ್ ಪಾರ್ಟಿ ಮಾಡೋರಿಗೆ ಈ ಕಥೆ ಭಾರೀ ಇಷ್ಟ. ಆದರೆ ಮದ್ಯ ಬಿದ್ದ ಹೊಟ್ಟೆಗೇ ಈ ಮಾತ್ರೆಯೂ ಬಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚು ಅನ್ನೋದು ಇವತ್ತು ಪ್ಯಾಕೆಟ್ ಮೇಲೇ ಬರೆದಿರೋ ಎಚ್ಚರಿಕೆ. ಕಥೆ ಚೆನ್ನಾಗಿದೆ ಅಂತ ಅದನ್ನೇ ಪಾಲಿಸೋದು ಬೇಡ.

ಅದೇ 1971ರಲ್ಲಿ ಲಂಡನ್ನಿನಲ್ಲಿ ಜಾನ್ ವೇನ್ ಇನ್ನೊಂದು ಗಂಟು ಬಿಡಿಸಿದರು. ಆಸ್ಪಿರಿನ್ ಮತ್ತು ಅದರಂಥ ಔಷಧಿಗಳು ದೇಹದೊಳಗೆ ಹೇಗೆ ಕೆಲಸ ಮಾಡುತ್ತವೆ ಅನ್ನೋದು. ನಮ್ಮ ದೇಹ ಪ್ರೋಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕಗಳನ್ನು ತಯಾರಿಸುತ್ತೆ. ಗಾಯವಾದ ಕಡೆ ಊತ, ನೋವು, ಜ್ವರ ತರಿಸೋದರಲ್ಲಿ ಅವುಗಳ ಕೈವಾಡ ದೊಡ್ಡದು. ಈ ಮಾತ್ರೆಗಳು ಅವುಗಳ ತಯಾರಿಕೆಯನ್ನೇ ತಡೆಯುತ್ತವೆ. ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ತೊಂದರೆ ಏನಂದ್ರೆ, ಇದೇ ಪ್ರೋಸ್ಟಗ್ಲಾಂಡಿನ್‌ಗಳು ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುತ್ತವೆ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯೋಕೂ ನೆರವಾಗುತ್ತವೆ. ಇವುಗಳ ಇನ್ನೊಬ್ಬ ನೆಂಟನಿಲ್ಲದೆ ರಕ್ತ ಹೆಪ್ಪುಗಟ್ಟೋದೂ ಕಷ್ಟ. ಮಾತ್ರೆಗೆ ನಿಮ್ಮ ಸೊಂಟ ಯಾವುದು, ಹೊಟ್ಟೆ ಯಾವುದು ಅಂತ ಗೊತ್ತಾಗಲ್ಲ. ಎಲ್ಲ ಕಡೆಯೂ ತಡೆಯುತ್ತೆ. ಐಬುಪ್ರೊಫೆನ್ ಬಗ್ಗೆ ಇರೋ ಹೆಚ್ಚಿನ ಎಚ್ಚರಿಕೆಗಳೂ ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರ್ತೀನಿ. 1983ರಲ್ಲಿ ಬ್ರಿಟನ್ ಐಬುಪ್ರೊಫೆನ್ ಅನ್ನು ಚೀಟಿ ಇಲ್ಲದೆ ಮಾರೋಕೆ ಒಪ್ಪಿತು. ನ್ಯೂರೋಫೆನ್ ಅನ್ನೋ ಹೆಸರಲ್ಲಿ ಬಂತು. ಮರುವರ್ಷ ಅಮೆರಿಕವೂ ಒಪ್ಪಿತು, ಅಲ್ಲಿ ಆಡ್ವಿಲ್ ಬಂತು. ಚೀಟಿಯ ಮೇಲೆ ಹದಿನಾಲ್ಕು ವರ್ಷ ಲಕ್ಷಾಂತರ ಜನ ಬಳಸಿ, ಅದರ ಅಡ್ಡ ಪರಿಣಾಮಗಳ ಲೆಕ್ಕ ಕೂಡಿದ ಮೇಲೆ ಸಿಕ್ಕ ಒಪ್ಪಿಗೆ ಇದು. ಆದರೆ ಒಪ್ಪಿಗೆ ಸಿಕ್ಕಿದ್ದು ಔಷಧಿಗಲ್ಲ, ಒಂದು ಪ್ರಮಾಣಕ್ಕೆ. ಒಂದು ಮಾತ್ರೆಯಲ್ಲಿ 200 ಮಿಲಿಗ್ರಾಂ. ಇಡೀ ದಿನಕ್ಕೆ 1200 ಮೀರಬಾರದು. ಅದೂ ಕೆಲವೇ ದಿನ. ಸಂಧಿವಾತದ ರೋಗಿಗಳಿಗೆ ವೈದ್ಯರು 2400ರವರೆಗೂ ಕೊಡುತ್ತಿದ್ದರು, ಈಗಲೂ ಬೇಕಾದಾಗ ಕೊಡ್ತಾರೆ. ಆದರೆ ಅದು ರಕ್ತಪರೀಕ್ಷೆ ಮಾಡಿಸಿ, ಬಿಪಿ ನೋಡಿ, ಅವರ ಕಣ್ಣಳತೆಯಲ್ಲಿ ಕೊಡೋದು.

ಈ ಗೆರೆಯನ್ನು ಸುಮ್ಮನೆ ಎಳೆದದ್ದಲ್ಲ ಅನ್ನೋದು ಆಮೇಲೂ ಸಾಬೀತಾಯ್ತು. 2004ರಲ್ಲಿ ರೋಫೆಕಾಕ್ಸಿಬ್ ಅನ್ನೋ ಹೊಸ ತಲೆಮಾರಿನ ನೋವುನಿವಾರಕವನ್ನು ಹೃದಯಾಘಾತ, ಪಾರ್ಶ್ವವಾಯುಗಳ ಕಾರಣಕ್ಕೆ ಜಗತ್ತಿನಾದ್ಯಂತ ವಾಪಸ್ ತಗೊಂಡರು. ಆಗ ಎಲ್ಲರ ಕಣ್ಣು ಹಳೆಯ ಔಷಧಿಗಳ ಮೇಲೂ ಬಿತ್ತು. 2015ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಐಬುಪ್ರೊಫೆನ್ ದಾಖಲೆಗಳನ್ನೆಲ್ಲ ಮತ್ತೆ ತೆಗೆದು ನೋಡಿದರು. ದಿನಕ್ಕೆ 2400 ಅಥವಾ ಅದಕ್ಕಿಂತ ಹೆಚ್ಚು ತಗೊಳ್ಳೋರಲ್ಲಿ ಹೃದಯದ ಅಪಾಯ ಸ್ವಲ್ಪ ಏರುತ್ತೆ, 1200ರವರೆಗೆ ಅಂಥ ಏರಿಕೆ ಕಾಣಲ್ಲ ಅಂದರು. ಮತ್ತೆ ಅದೇ 1200.

ನಮ್ಮ ಕಡೆಗೆ ಬನ್ನಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು 400ರ ಮಾತ್ರೆ. ಕಾಂಬಿಫ್ಲಾಮ್ ಆದರೆ 400 ಐಬುಪ್ರೊಫೆನ್ ಜೊತೆಗೆ 325 ಪ್ಯಾರಸಿಟಮಾಲ್. ಅಂದ್ರೆ ನಮ್ಮ ಒಂದು ಮಾತ್ರೆ ಅವರ ಎರಡಕ್ಕೆ ಸಮ. ಮೂರು ನುಂಗಿದರೆ ದಿನದ ಮಿತಿ ಅಲ್ಲಿಗೇ ಮುಗೀತು. ಆದರೆ ನಾವು ಲೆಕ್ಕ ಇಡೋದು ಮಿಲಿಗ್ರಾಂನಲ್ಲಲ್ಲ, "ಒಂದು ತಗೊಂಡೆ, ಕಮ್ಮಿ ಆಗ್ಲಿಲ್ಲ, ಇನ್ನೊಂದು ತಗೊಂಡೆ" ಅಂತ. ಇದರ ಮೇಲೆ ಜ್ವರ ಅಂತ ಪ್ಯಾರಸಿಟಮಾಲ್ 650 ಬೇರೆ. ಬೆನ್ನುನೋವಿಗೆ ಮೆಡಿಕಲ್ ಶಾಪಿನವರು ಕೊಟ್ಟ ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್ ಮತ್ತೊಂದು. ಇವೆರಡೂ ಐಬುಪ್ರೊಫೆನ್‌ನ ದಾಯಾದಿಗಳೇ. ಒಟ್ಟಿಗೆ ತಗೊಂಡರೆ ನೋವು ಎರಡು ಪಟ್ಟು ಕಡಿಮೆಯಾಗಲ್ಲ, ಹೊಟ್ಟೆಗೂ ಕಿಡ್ನಿಗೂ ಬೀಳೋ ಹೊರೆ ಮಾತ್ರ ಹೆಚ್ಚುತ್ತೆ.

ಹಾಗಾದ್ರೆ ಹೇಗೆ ತಗೋಬೇಕು? ಆರೋಗ್ಯವಾಗಿರೋ ವಯಸ್ಕರಾದರೆ 200ರಿಂದ ಶುರು ಮಾಡಿ, ಸಾಲದಿದ್ದರೆ 400. ಮಧ್ಯೆ ಆರು ಗಂಟೆ ಅಂತರ ಇರಲಿ, ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಡ. ಊಟವೋ ತಿಂಡಿಯೋ ಆದ ಮೇಲೆ, ಒಂದು ಲೋಟ ನೀರಿನ ಜೊತೆ. ಬರೀ ಕಾಫಿ ಕುಡಿದ ಹೊಟ್ಟೆಗೆ ಬೇಡ. ಜ್ವರ ಮೂರು ದಿನ, ನೋವು ಹತ್ತು ದಿನ ದಾಟಿದರೆ ಮಾತ್ರೆ ಮುಂದುವರಿಸೋದಲ್ಲ, ಡಾಕ್ಟರ ಹತ್ತಿರ ಹೋಗೋದು. ಮಲ ಟಾರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ನಾಳೆವರೆಗೂ ಕಾಯಬೇಡಿ. ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿದ್ದವರು, ಕಿಡ್ನಿ ಅಥವಾ ಹೃದಯದ ತೊಂದರೆ ಇರೋರು, ನೋವಿನ ಮಾತ್ರೆ ತಗೊಂಡಾಗ ಉಬ್ಬಸ ಬರೋರು ಕೇಳದೇ ಮುಟ್ಟಬಾರದು. ಗರ್ಭಿಣಿಯರೂ ಅಷ್ಟೇ, ಅದರಲ್ಲೂ 20 ವಾರ ಕಳೆದ ಮೇಲೆ ಇದು ಮಗುವಿನ ಕಿಡ್ನಿಗೆ ತೊಂದರೆ ಕೊಡಬಹುದು. ಭಾನುವಾರದ ಓಟದ ಸ್ಪರ್ಧೆಗೆ ಮುಂಚೆ "ಸೇಫ್ಟಿಗೆ" ಅಂತ ಒಂದು ನುಂಗೋ ಗೆಳೆಯರಿಗೂ ಒಂದು ಮಾತು: ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಕಿಡ್ನಿಗೆ ಆ ಪ್ರೋಸ್ಟಗ್ಲಾಂಡಿನ್ ಬೇಕಾಗೋದೇ ಆಗ.

ಬೆಂಗಳೂರಿನಲ್ಲಿರೋರಿಗೆ ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಬಂದರೆ ಐಬುಪ್ರೊಫೆನ್ ಬೇಡವೇ ಬೇಡ, ಡೆಂಗಿ ಅಲ್ಲ ಅಂತ ಖಾತ್ರಿಯಾಗೋವರೆಗೆ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತ್ತು, ಮರೆತಿರಲಾರಿರಿ. ಡೆಂಗಿಯಲ್ಲಿ ಮೊದಲೇ ಪ್ಲೇಟ್‌ಲೆಟ್ ಇಳಿಯುತ್ತೆ, ಈ ಮಾತ್ರೆ ಉಳಿದ ಪ್ಲೇಟ್‌ಲೆಟ್‌ಗಳನ್ನೂ ಕೆಲಸ ಮಾಡೋಕೆ ಬಿಡಲ್ಲ. ರಕ್ತಸ್ರಾವಕ್ಕೆ ದಾರಿಯಾಗುತ್ತೆ. ಅಂಥ ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ, ಅದೂ ಮಿತಿಯಲ್ಲಿ.

ಆದರೂ ನಮ್ಮ ವಯಸ್ಸಿನವರ ಕಿಡ್ನಿ ಹೇಗೋ ತಡೆದುಕೊಳ್ಳುತ್ತೆ ಬಿಡಿ. ನನಗೆ ಹೆಚ್ಚು ಯೋಚನೆ ಊರಲ್ಲಿರೋ ಅಪ್ಪ ಅಮ್ಮಂದಿರದ್ದು. ಹಬ್ಬಕ್ಕೆ ಹೋದಾಗ ಮಂಡಿನೋವು ಅಂದ ಅಮ್ಮನ ಕೈಗೆ ನಮ್ಮ ಬ್ಯಾಗಿನ ಸ್ಟ್ರಿಪ್ಪನ್ನೇ ಕೊಟ್ಟು ಬರೋರು ಎಷ್ಟು ಜನ! ಅಮ್ಮ ಅದನ್ನು ಖಾಲಿ ಮಾಡಿ, ಕವರ್ ತೋರಿಸಿ ಊರಿನ ಅಂಗಡಿಯಿಂದ ಮತ್ತೆ ತರಿಸಿಕೊಳ್ತಾರೆ. ಅವರು ಬಿಪಿಗೆ ಮಾತ್ರೆ ತಗೋತಾರೆ, ಜೊತೆಗೆ ಮೂತ್ರ ಹೆಚ್ಚಿಸೋ ಮಾತ್ರೆಯೂ ಇರಬಹುದು. ಈ ಎರಡರ ಜೊತೆ ಐಬುಪ್ರೊಫೆನ್ ಸೇರಿದರೆ ಕಿಡ್ನಿ ಸೋಲೋ ಅಪಾಯ ಹೆಚ್ಚು, ಬಿಪಿಯೂ ಹತೋಟಿ ತಪ್ಪುತ್ತೆ. ಅಪ್ಪ ಹೃದಯಕ್ಕೆ ಅಂತ ದಿನಾ ಸಣ್ಣ ಆಸ್ಪಿರಿನ್ ತಗೊಳ್ಳೋರಾದರೆ, ಮೊದಲು ಹೋದ ಐಬುಪ್ರೊಫೆನ್ ಆ ಆಸ್ಪಿರಿನ್‌ಗೆ ಅಂಟಿಕೊಳ್ಳೋಕೆ ಜಾಗವೇ ಇಲ್ಲದಂತೆ ಮಾಡಬಹುದು. ಹೃದಯಕ್ಕೆ ಇದ್ದ ಕಾವಲು ಗೊತ್ತಾಗದೇ ಹೊರಟುಹೋಗುತ್ತೆ.

ಆಡಮ್ಸ್ 2019ರ ಜನವರಿಯಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಹೊಸ ಸಂಯುಕ್ತಗಳನ್ನು ರೋಗಿಗಳಿಗೆ ಕೊಡೋ ಮುಂಚೆ ತಾವೇ ನುಂಗಿ ನೋಡ್ತಿದ್ದ ಮನುಷ್ಯ. ಬೇರೆಯವರ ದೇಹಕ್ಕೆ ಏನು ಹೋಗುತ್ತೆ ಅನ್ನೋದರ ಬಗ್ಗೆ ಅಷ್ಟು ಜವಾಬ್ದಾರಿ. ನಮ್ಮಿಂದ ಅಷ್ಟೆಲ್ಲ ಬೇಕಿಲ್ಲ. ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ, ಊಟ ಆಯ್ತಾ ಅಂತ ಕೇಳಿದ ಮೇಲೆ, ನೋವಿಗೆ ಯಾವ ಮಾತ್ರೆ ತಗೋತಿದ್ದೀರಿ ಅಂತಲೂ ಕೇಳಿ. ಸ್ಟ್ರಿಪ್ಪಿನ ಹಿಂಭಾಗದ ಫೋಟೋ ಕಳಿಸೋಕೆ ಹೇಳಿ. ಸಣ್ಣ ಅಕ್ಷರದಲ್ಲಿ ಐಬುಪ್ರೊಫೆನ್ ಅಂತ ಇದ್ದರೆ, ಪಕ್ಕದಲ್ಲಿರೋ ಸಂಖ್ಯೆ ನೋಡಿ, ದಿನಕ್ಕೆ ಎಷ್ಟು, ಎಷ್ಟು ದಿನದಿಂದ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಬಿಪಿ ಮಾತ್ರೆಯ ಚೀಟಿಯ ಜೊತೆ ಅದನ್ನೂ ಅವರ ಡಾಕ್ಟರಿಗೆ ತೋರಿಸಿ.