ಅಪ್ಪನ ಶಬ್ದದ ವಹಿ

ಕಳೆದ ಮಳೆಗಾಲದ ಒಂದು ರವಿವಾರ ಕಮಲಾಪುರದ ಹುಡುಗಿಯೊಬ್ಬಳು ಕಲಬುರಗಿಯ ನಮ್ಮ ಮನೆಗೆ ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ನನ್ನ ಬಳಿ ಕನ್ನಡ ಕಲಿತವಳು. ಒಳ್ಳೆಯ ಅಂಕ ಬಂದದ್ದರಿಂದ ನಗರದಲ್ಲಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ್ದಳು. ಕೈಯಲ್ಲಿ ಊರಿನ ಕೆಂಪು ಬಾಳೆಹಣ್ಣಿನ ಚೀಲ. ಕೊಟ್ಟ ಚಹಾ ಮುಟ್ಟಲಿಲ್ಲ.

"ಟೀಚರ್, ನಾ ಸೈನ್ಸ್ ಬಿಡ್ತೀನ್ರಿ. ಸರ್ ಹೇಳೂದು ಒಂದೂ ತಿಳೀವಲ್ದರಿ. ಡಿಕ್ಷನರಿ ತಗೊಂಡು ದಿನಾ ಇಪ್ಪತ್ತು ಶಬ್ದ ಬಾಯಿಪಾಠ ಮಾಡ್ತೀನಿ. ಮುಂಜಾನಿ ಎರಡೂ ನೆನಪಿರಂಗಿಲ್ರಿ" ಎಂದು ಕಣ್ಣೊರೆಸಿಕೊಂಡಳು.

ಮನೆಯಲ್ಲಿ ಆಗಲೇ ಅವಳ ಮದುವೆಯ ಮಾತು ಎದ್ದಿತ್ತು. ಓದು ನಿಂತರೆ ಮುಂದೇನೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಟ್ರಂಕಿನ ತಳದಲ್ಲಿದ್ದ ಅಪ್ಪನ ವಹಿ.

ನಮ್ಮ ಭಾಗ ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆ ಉರ್ದು. ಹೈದರಾಬಾದಿನಲ್ಲಿ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಅದಕ್ಕಾಗಿ ಪುಸ್ತಕಗಳನ್ನು ಅನುವಾದಿಸಿ ಹೊಸ ಶಬ್ದ ಕಟ್ಟುವ ಇಲಾಖೆಯೇ ಇತ್ತು. ಮನೆಯಲ್ಲಿ ಕನ್ನಡ ಆಡುತ್ತಿದ್ದ ಅಪ್ಪ ಶಾಲೆಯಲ್ಲಿ ಉರ್ದು ಬರೆದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಕನ್ನಡ ರಾಜ್ಯದ ಆಡಳಿತ ಭಾಷೆಯೆಂದು ಕಾಯ್ದೆಯಾದದ್ದು 1963ರಲ್ಲಿ. ಈ ನಡುವೆ ಗುಮಾಸ್ತರಾಗಿದ್ದ ಅಪ್ಪನ ಮೇಜಿಗೆ ಬಂದದ್ದು ಇಂಗ್ಲಿಷ್ ಫೈಲು. ಉರ್ದುವಿನಲ್ಲಿ ಮುತ್ತಿನಂತೆ ಬರೆಯುತ್ತಿದ್ದ ಮನುಷ್ಯ ಒಮ್ಮೆಲೇ ಅನಕ್ಷರಸ್ಥನಂತಾದರು.

ಆಗ ಶುರುವಾದದ್ದು ಈ ವಹಿ. ಒಂದೊಂದು ಪುಟದಲ್ಲೂ ಮೂರು ಕಾಲಂ. ಫೈಸಲಾ, ತೀರ್ಪು, ಜಡ್ಜ್‌ಮೆಂಟ್. ಗವಾಹ್, ಸಾಕ್ಷಿ, ವಿಟ್ನೆಸ್. ದರಖಾಸ್ತ್, ಅರ್ಜಿ, ಅಪ್ಲಿಕೇಷನ್. ಪ್ರತಿ ಶಬ್ದದ ಕೆಳಗೆ ಅದು ಸಿಕ್ಕ ಇಡೀ ವಾಕ್ಯ. ಅದೇ ಶಬ್ದ ಮತ್ತೆ ಎದುರಾದಾಗ ಪಕ್ಕದಲ್ಲಿ ತಾರೀಖು. ನಾಲ್ಕೈದು ತಾರೀಖು ಬಿದ್ದ ಶಬ್ದಕ್ಕೆ ಒಂದು ಗೆರೆ. ಅಂದರೆ ಅದು ತನ್ನದಾಯಿತು ಎಂದು ಲೆಕ್ಕ. ದಿನಕ್ಕೆ ಎರಡೋ ಮೂರೋ ಶಬ್ದ, ಹೆಚ್ಚಿಲ್ಲ.

ಹುಡುಗಿ ಪುಟ ತಿರುವುತ್ತ, "ಅರ್ಜಿ ಕನ್ನಡ ಅಲ್ಲೇನ್ರಿ?" ಎಂದಳು. ಅದೂ ಪಾರಸಿ-ಉರ್ದುವಿನ ದಾರಿಯಿಂದಲೇ ಬಂದದ್ದು. ವಕೀಲ, ಜಮೀನು, ಸರಕಾರ, ನಾವು ಹೋಗುವ ದವಾಖಾನಿ ಎಲ್ಲವೂ ಹಾಗೆಯೇ. ಆಳಿದವರ ಶಬ್ದ ಕಚೇರಿಯಿಂದ ಇಳಿದು ಅಡುಗೆಮನೆಯವರೆಗೆ ಬಂದು ನಮ್ಮದಾಯಿತು.

ಇಂಗ್ಲಿಷರ ಕಥೆಯೂ ಬೇರೆಯಲ್ಲ ಎಂದು ಅವಳಿಗೆ ಹೇಳಿದೆ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದೆ ಶತಮಾನಗಳ ಕಾಲ ದೊಡ್ಡವರ ಭಾಷೆ ಫ್ರೆಂಚು. ಕೋರ್ಟಿನಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡಲು 1362ರಲ್ಲಿ ಕಾಯ್ದೆಯೇ ಬೇಕಾಯಿತು. ಕೋರ್ಟ್, ಜಡ್ಜ್, ಜಸ್ಟಿಸ್ ಇವೆಲ್ಲ ಅಲ್ಲಿಗೂ ಹೊರಗಿನಿಂದ ಬಂದ ಶಬ್ದಗಳು. ನಾವು ಹೆದರುವ ಆ 'ದೊಡ್ಡ' ಇಂಗ್ಲಿಷಿನಲ್ಲಿ ಬಹುಪಾಲು ಫ್ರೆಂಚ್, ಲ್ಯಾಟಿನ್, ಗ್ರೀಕಿನಿಂದ ತಂದದ್ದೇ. ಶಾಲು, ಪೈಜಾಮ, ಖಾಕಿ ನಮ್ಮ ಕಡೆಯಿಂದಲೂ ಹೋಗಿವೆ. ಅವಳು ತಂದ ಹಣ್ಣಿನ ಇಂಗ್ಲಿಷ್ ಹೆಸರು ಬನಾನಾ ಕೂಡ ಪಶ್ಚಿಮ ಆಫ್ರಿಕಾದವರದು.

ಕೊನೆಗೆ ಅವಳ ಪುಸ್ತಕ ತೆರೆದೆವು. ಅವಳನ್ನು ಅಳಿಸಿದ ಶಬ್ದ 'ಫೋಟೋಸಿಂಥೆಸಿಸ್'. ಕನ್ನಡದಲ್ಲಿ ಏನಂತಾರೆ ಎಂದೆ. "ದ್ಯುತಿಸಂಶ್ಲೇಷಣೆ" ಎಂದು ಒಂದೇ ಉಸಿರಿಗೆ ಹೇಳಿದಳು. ದ್ಯುತಿ ಎಂದರೆ? ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಸಮಾಸ ಕಲಿಸಿದ ನಾನೇ ಈ ಶಬ್ದವನ್ನು ಬಿಡಿಸಿ ತೋರಿಸಿರಲಿಲ್ಲ. ಹುಡುಗಿ ಅದನ್ನೂ ಬಾಯಿಪಾಠ ಮಾಡಿಯೇ ಪಾಸಾಗಿದ್ದಳು. ದ್ಯುತಿ ಬೆಳಕು, ಸಂಶ್ಲೇಷಣೆ ಕೂಡಿಸುವುದು. ಗ್ರೀಕಿನಲ್ಲಿ ಫೋಟೋ ಎಂದರೆ ಬೆಳಕು, ಸಿಂಥೆಸಿಸ್ ಎಂದರೆ ಕೂಡಿಸಿ ಇಡುವುದು. ಎರಡೂ ಒಂದೇ ಅಳತೆಯ ಕುಪ್ಪಸ! ಥರ್ಮೋ ಶಾಖ, ಹೈಡ್ರೋ ನೀರು, ಬಯೋ ಜೀವ. ಒಂದು ಬೇರು ಹಿಡಿದರೆ ಹತ್ತು ಶಬ್ದ ಎದ್ದು ಬರುತ್ತವೆ.

ಬೇರು ತಿಳಿದರೆ ಸಾಲದು, ಶಬ್ದ ಮತ್ತೆ ಮತ್ತೆ ಎದುರಾಗಬೇಕು. ಅದಕ್ಕೇ ಅಪ್ಪನ ತಾರೀಖುಗಳು. ಆ ಸಂಜೆ ಅವಳಿಗೊಂದು ಹೊಸ ವಹಿ ಕೊಡಿಸಿದೆ.

ದೀಪಾವಳಿಗೆ ಮತ್ತೆ ಬಂದಳು. ಪರೀಕ್ಷೆ ಇನ್ನೂ ದೂರ, ಪಾಠ ಇನ್ನೂ ಕಷ್ಟ, ಮನೆಯಲ್ಲಿ ಮದುವೆಯ ಮಾತು ನಿಂತಿಲ್ಲ. ಆದರೆ ವಿಜ್ಞಾನ ಬಿಟ್ಟಿರಲಿಲ್ಲ. ವಹಿಯಲ್ಲಿ ಮೂರು ಕಾಲಂ ಮಾಡಿದ್ದಳು: ಬೇರು, ಕನ್ನಡ, ಇಂಗ್ಲಿಷ್. ಕೆಲವು ಶಬ್ದಗಳಿಗೆ ಆಗಲೇ ಗೆರೆ ಬಿದ್ದಿತ್ತು.

ನಿಮ್ಮ ಮನೆಯಲ್ಲೂ ಮಗಳೊಬ್ಬಳು ಡಿಕ್ಷನರಿ ಹಿಡಿದು ಅಳುತ್ತಿದ್ದರೆ, ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ನಿಮ್ಮ ಬಾಯಲ್ಲಿರುವ ಶಬ್ದಗಳೂ ಎಲ್ಲಿಂದಲೋ ಬಂದು, ಬಳಸಿ ಬಳಸಿಯೇ ನಿಮ್ಮವಾದವು.