ಮೂಡುಕೊಣಾಜೆಯ ಮಣ್ಣು, ಕರಾವಳಿಯ ಕಂಚು

ಕಾರ್ಕಳದಿಂದ ಮೂಡುಬಿದಿರೆಗೆ ಬಂದು ಶಿರ್ತಾಡಿಯ ದಾರಿ ಹಿಡಿದರೆ ಎಂಟು ಕಿಲೋಮೀಟರ್ ಆಸುಪಾಸಿನಲ್ಲಿ ಮೂಡುಕೊಣಾಜೆ ಸಿಗುತ್ತದೆ. ಇಲ್ಲಿನ ಕಲ್ಲುಗುಡ್ಡದ ಇಳಿಜಾರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಕೋಣೆಗಳಿವೆ. ಪುರಾತತ್ತ್ವದವರು ಇವನ್ನು ಕಲ್ಮನೆ ಎಂದು ಕರೆಯುತ್ತಾರೆ. ತುಳುವರ ಬಾಯಲ್ಲಿ ಇವು ‘ಪಾಂಡವೆರೆ ಕಲ್ಲ್’. ಕಟ್ಟಿದವರು ಪಾಂಡವರಲ್ಲ, ಬೃಹತ್ ಶಿಲಾಯುಗದ ಜನ. ಕಟ್ಟಿದ್ದು ಬದುಕಿದ್ದವರಿಗಲ್ಲ, ಸತ್ತವರಿಗೆ. ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್ಟರು 1980ರ ದಶಕದಲ್ಲಿ ಈ ನೆಲೆಯನ್ನು ಬೆಳಕಿಗೆ ತಂದರು. ಒಟ್ಟು ಒಂಬತ್ತು ಕಲ್ಮನೆಗಳಿದ್ದ ಜಾಗ ಇದು. ಈಗ ಗಟ್ಟಿಯಾಗಿ ನಿಂತಿರುವುದು ಎರಡೇ.

2022ರಲ್ಲಿ ಈ ಗುಡ್ಡ ಮತ್ತೆ ಸುದ್ದಿಯಾಯಿತು. ಕಾಪು ತಾಲ್ಲೂಕಿನ ಶಿರ್ವದ ಮುಲ್ಕಿ ಸುಂದರರಾಮ ಶೆಟ್ಟಿ ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ಕಲಿಸುತ್ತಿದ್ದ ಟಿ. ಮುರುಗೇಶಿ ಅವರು ಇಲ್ಲಿ ನಡೆಸಿದ ಶೋಧದಲ್ಲಿ ಎಂಟು ಸುಟ್ಟಮಣ್ಣಿನ ವಸ್ತುಗಳು ಸಿಕ್ಕವು: ಎರಡು ಗೂಳಿ, ಎರಡು ನವಿಲು, ಒಂದು ಕುದುರೆ, ಒಬ್ಬ ಮಾತೃದೇವತೆ, ಇನ್ನೊಬ್ಬ ಮಾತೃದೇವತೆಯ ಮುರಿದ ಕೈ, ಮತ್ತು ಏನೆಂದು ತಿಳಿಯದ ಒಂದು ತುಂಡು. ಜೊತೆಯಲ್ಲಿ ಮೂಳೆಯ ಚೂರುಗಳು, ಕಬ್ಬಿಣದ ಚೂರುಗಳು. ಗೂಳಿಗಳಲ್ಲಿ ಒಂದಕ್ಕೆ ಮನುಷ್ಯನ ಮೈ, ಗೂಳಿಯ ತಲೆ. ಎತ್ತರ ಸುಮಾರು 9 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಯುವಷ್ಟು. ನವಿಲೊಂದರ ಉದ್ದನೆಯ ಗರಿಯನ್ನು ಬೇರೆಯಾಗಿ ತಿದ್ದಿ ಮೈಗೆ ಅಂಟಿಸಿದ್ದಾರೆ. ಮುರುಗೇಶಿ ಇವುಗಳಿಗೆ ಕೊಟ್ಟ ಕಾಲ ಕ್ರಿ.ಪೂ. 800ರಿಂದ 700. ಕೇರಳದ ಮಲಂಪುಳದಲ್ಲಿ ಸಿಕ್ಕ ಮಣ್ಣುಗೊಂಬೆಗಳೊಂದಿಗೆ ಅವರು ಇವನ್ನು ಹೋಲಿಸಿದ್ದಾರೆ.

ಮಣ್ಣು ಸಿಕ್ಕಿತು, ಕಬ್ಬಿಣ ಸಿಕ್ಕಿತು. ಹಾಗಾದರೆ ಕಂಚು?

ಶಾಲೆಯ ಪಾಠದಲ್ಲಿ ಶಿಲಾಯುಗ, ಕಂಚಿನ ಯುಗ, ಕಬ್ಬಿಣ ಯುಗ ಎಂದು ಮೆಟ್ಟಿಲು ಮೆಟ್ಟಿಲಾಗಿ ಓದಿರುತ್ತೇವೆ. ದಕ್ಷಿಣದ ನೆಲ ಆ ಲೆಕ್ಕಕ್ಕೆ ಸರಿಯಾಗಿ ಹೊಂದುವುದಿಲ್ಲ. ಇಲ್ಲಿನ ನವಶಿಲಾಯುಗದವರು ಕಲ್ಲಿನ ಕೊಡಲಿಯನ್ನು ಕೈಬಿಡದೆ, ತಾಮ್ರವನ್ನೂ ಕಂಚನ್ನೂ ಅಲ್ಲೊಂದು ಇಲ್ಲೊಂದು ಸಣ್ಣ ಉಪಕರಣಕ್ಕೆ ಬಳಸಿ, ಅಲ್ಲಿಂದ ನೇರ ಕಬ್ಬಿಣಕ್ಕೆ ದಾಟಿದರು. ಘಟ್ಟದ ಆಚೆ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅವರು 1965ರ ಸುಮಾರಿಗೆ ಉತ್ಖನನ ಮಾಡಿದಾಗ ಎರಡು ಬಾಯಿಯ ಪುಟ್ಟ ತಾಮ್ರದ ಕೊಡಲಿಗಳು ಹೊರಬಂದವು. ಅದೇ ಊರಿನಲ್ಲಿ ಕ್ರಿ.ಪೂ. 1000ದ ಹೊತ್ತಿಗೇ ಕಬ್ಬಿಣವೂ ಇತ್ತು. ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ ಹಿಡಿಯ ತುದಿ ಕವಲೊಡೆದ ತಾಮ್ರದ ಕತ್ತಿಗಳು ಸಿಕ್ಕಿವೆ. ಒಳನಾಡಿನಲ್ಲಿ ಚಿತ್ರದುರ್ಗದ ಇಂಗಳದಾಳಿನಂಥ ಕಡೆ ತಾಮ್ರದ ಅದಿರು ಇದೆ. ಕರಾವಳಿಗೆ ತಾಮ್ರವೂ ತವರವೂ ಹೊರಗಿನಿಂದಲೇ ಬರಬೇಕು. ಬಂದ ಲೋಹವನ್ನು ಯಾರೂ ಸುಲಭವಾಗಿ ಬಿಸಾಡಿರಲಾರರು.

ಲೋಹಕ್ಕೆ ಕೆಡುಕು ಮೂರು ಕಡೆಯಿಂದ ಬಂದಿದೆ. ಮೊದಲನೆಯದು ಮಳೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಸುರಿಯುವ ನೀರು, ಹುಳಿ ಗುಣದ ಕೆಂಪು ಮಣ್ಣು. ಇವೆರಡೂ ಸೇರಿದ ಕಡೆ ಮೂಳೆ ಕರಗುತ್ತದೆ, ಕಬ್ಬಿಣ ಪುಡಿಯಾಗುತ್ತದೆ, ಕಂಚು ಹಸಿರು ಕಿಲುಬು ಹಿಡಿದು ಸವೆಯುತ್ತದೆ. ಚೆನ್ನಾಗಿ ಸುಟ್ಟ ಮಣ್ಣು ಮಾತ್ರ ತಡೆದುಕೊಳ್ಳುತ್ತದೆ. ಎರಡನೆಯದು ಕುಲುಮೆ. ಒಡೆದ ಪಾತ್ರೆಯನ್ನು ತೂಕಕ್ಕೆ ಹಾಕಿ ಹೊಸದನ್ನು ತರುವುದು ನಮ್ಮ ಅಜ್ಜಿಯಂದಿರ ಕಾಲದವರೆಗೂ ನಡೆದ ರೂಢಿ. ಹೀಗೆ ಕರಗಿ ಕರಗಿ ಬಂದ ಕಂಚಿಗೆ ವಯಸ್ಸು ಹೇಳುವುದು ಹೇಗೆ? ಮೂರನೆಯದು ನಮ್ಮ ಕಾಲದ್ದು, ಅದಕ್ಕೆ ಆಮೇಲೆ ಬರೋಣ.

ದಕ್ಷಿಣದ ಬೃಹತ್ ಶಿಲಾಯುಗದವರಿಗೆ ಕಂಚಿನ ಕೆಲಸ ಬಲು ಚೆನ್ನಾಗಿ ಗೊತ್ತಿತ್ತು ಎನ್ನುವುದಕ್ಕೆ ನೀಲಗಿರಿಯ ಸಮಾಧಿಗಳೂ ತಮಿಳುನಾಡಿನ ಆದಿಚ್ಚನಲ್ಲೂರೂ ಸಾಕ್ಷಿ. ಅಲ್ಲಿ ಸಿಕ್ಕ ಪಾತ್ರೆಗಳನ್ನು ಪರೀಕ್ಷಿಸಿದ ಬೆಂಗಳೂರಿನ ವಿದ್ವಾಂಸೆ ಶಾರದಾ ಶ್ರೀನಿವಾಸನ್, ಕೆಲವದರಲ್ಲಿ ತವರದ ಪಾಲು ನೂರಕ್ಕೆ 23ರಷ್ಟಿರುವುದನ್ನು ತೋರಿಸಿದ್ದಾರೆ. ಇಷ್ಟು ತವರ ಬೆರೆತ ಕಂಚು ತಣ್ಣಗಿದ್ದಾಗ ಬಡಿದರೆ ಒಡೆಯುತ್ತದೆ. ಕೆಂಡದಂತೆ ಕಾದಿರುವಾಗಲೇ ಬಡಿದು, ತಟ್ಟನೆ ನೀರಿಗೆ ಅದ್ದಬೇಕು. ತಟ್ಟಿದರೆ ಗಂಟೆಯ ನಾದ ಬರುವುದೂ ಇದೇ ಲೋಹದಿಂದ.

ಆ ನಾದ ತುಳುನಾಡಿಗೆ ಹೊಸದಲ್ಲ. ಮಣಿಪಾಲದ ಹಸ್ತಶಿಲ್ಪದಲ್ಲಿ ವಿಜಯನಾಥ ಶೆಣೈ ಅವರು ಉಳಿಸಿಕೊಟ್ಟ ಹಳೆಯ ಮನೆಗಳ ನಡುವೆ ನಡೆದಾಡಿದರೆ, ಪಾತ್ರೆ ಎಂದರೆ ಲೋಹದ ತೂಕವೂ ಹೌದು ಎಂಬುದು ಅರಿವಾಗುತ್ತದೆ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಆಳೆತ್ತರ ಮೀರಿದ ಪಂಚಲೋಹದ ಚಂದ್ರನಾಥನಿದ್ದಾನೆ. ಎರಡೇ ವರ್ಷದ ಬಳಿಕ ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ ಗೊಮ್ಮಟನನ್ನು ನಿಲ್ಲಿಸಿದ. ಒಂದೇ ಸೀಮೆಯ ಜನ ಅಷ್ಟು ಬೇಗ ಲೋಹದಲ್ಲೂ ಕಲ್ಲಿನಲ್ಲೂ ಇಂಥ ಎತ್ತರ ಮುಟ್ಟಿದರು! ಇನ್ನು ದೈವಸ್ಥಾನಗಳ ಭಂಡಾರದಲ್ಲಿ ಲೋಹದ ಮೊಗ, ಕಡ್ಸಲೆ ಎಂಬ ಕತ್ತಿ, ಗಂಟೆ ಇದ್ದೇ ಇರುತ್ತವೆ. ಆ ಮೊಗಗಳಲ್ಲಿ ಗೂಳಿಮುಖದ ದೈವ ನಂದಿಗೋಣನದೂ ಒಂದು.

ಮನುಷ್ಯನ ಮೈಗೆ ಗೂಳಿಯ ತಲೆ ಇಟ್ಟ ಮೂಡುಕೊಣಾಜೆಯ ಗೊಂಬೆಯನ್ನು ನೋಡಿದವರಿಗೆ ನಂದಿಗೋಣ ನೆನಪಾಗದೆ ಇರದು. ಕರಾವಳಿಯ ಭೂತಾರಾಧನೆಯ ಅಧ್ಯಯನಕ್ಕೆ ಈ ಗೊಂಬೆಗಳು ಗಟ್ಟಿ ಆಧಾರ ಎಂದು ಮುರುಗೇಶಿಯವರೂ ಹೇಳಿದ್ದಾರೆ. ಆದರೆ ಎರಡರ ನಡುವೆ ಇರುವುದು ಎರಡು ಸಾವಿರ ವರ್ಷ ಮೀರಿದ ಅಂತರ. ಹೋಲಿಕೆ ಒಂದರಿಂದಲೇ ಅದಕ್ಕೆ ಸೇತುವೆ ಕಟ್ಟಲಾಗದು. ನಡುವಿನ ಕಾಲದ ವಸ್ತುಗಳು ಸಿಗಬೇಕು.

ಸಿಗುವ ಜಾಗವೇ ಕರಗುತ್ತಿದೆ ಎನ್ನುವುದು ಆಗ ಬಿಟ್ಟ ಮೂರನೆಯ ಮಾತು. ಪದವುಗಳಲ್ಲಿ ಮುರಕಲ್ಲಿನ ಕೋರೆಗಳು, ಸೈಟಿಗಾಗಿ ಸಮತಟ್ಟಾಗುವ ಗುಡ್ಡಗಳು, ನಿಧಿಯ ಆಸೆಗೆ ಮಗುಚಿದ ಚಪ್ಪಡಿಗಳು. ಜೆಸಿಬಿಯ ಒಂದು ಬಕೆಟಿನಲ್ಲಿ ಇಡೀ ಸಮಾಧಿ ಹೊರಟುಹೋಗುತ್ತದೆ. ಕಲ್ಮನೆಯ ಒಳಗಿನ ಮಣ್ಣು ಒಮ್ಮೆ ಕಲಸಿದರೆ ಯಾವ ವಸ್ತು ಯಾವುದರ ಜೊತೆಗಿತ್ತು ಎಂದು ಹೇಳಲು ಯಾರಿಂದಲೂ ಆಗದು.

ಈ ಸೀಮೆಯ ಚರಿತ್ರೆಯ ಬಹುಪಾಲನ್ನು ಹುಡುಕಿ ಕೊಟ್ಟವರು ಕಾಲೇಜು ಮೇಷ್ಟರುಗಳು. ಮುರುಗೇಶಿಯವರಿಗೂ ಮೊದಲು, ಕಾಪುವಿನ ಪಕ್ಕದ ಪಾದೂರಿನ ಗುರುರಾಜ ಭಟ್ಟರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿದ್ದುಕೊಂಡು ಊರೂರು ಅಲೆದರು. 1975ರಲ್ಲಿ ಬಂದ ತುಳುವ ಚರಿತ್ರೆ ಮತ್ತು ಸಂಸ್ಕೃತಿಯ ಕುರಿತ ಅವರ ಇಂಗ್ಲಿಷ್ ಹೊತ್ತಗೆಯನ್ನು ಬಿಟ್ಟು ಇಲ್ಲಿನ ಚರಿತ್ರೆ ಬರೆಯುವುದು ಕಷ್ಟ. ತೋಟಕ್ಕೆ ಗುಂಡಿ ತೆಗೆಯುವಾಗಲೋ ಬಾವಿ ತೋಡುವಾಗಲೋ ಹಸಿರು ಕಿಲುಬು ಹಿಡಿದ ಚೂರು ಕಂಡರೆ ಅದನ್ನು ಉಜ್ಜಿ ತೊಳೆಯದೆ, ಜಾಗವನ್ನು ಕೆದಕದೆ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೆ ಹೇಳಿ ಕಳಿಸಿ. ಅವರು ಬಂದು ನೋಡುವವರೆಗೆ ಕೆಲಸ ಒಂದು ದಿನ ನಿಲ್ಲಲಿ.