ಪುರವಂತರ ಒಡಪು ಪೂರ್ತಿ ಕೇಳಿದ್ದೀರಾ?

ಮದುವೆ ಮನೆಯಿಂದ ಗುಗ್ಗಳ ಹೊರಟರೆ ಓಣಿಯ ಜನರೆಲ್ಲ ಬಾಗಿಲಿಗೆ ಬರುತ್ತಾರೆ. ಮುಂದೆ ಸಂಬಾಳ, ಶಹನಾಯಿ. ನಡುವೆ ಕಾವಿ ಬಟ್ಟೆ ತೊಟ್ಟು, ಎದೆ ಮೇಲೆ ವೀರಭದ್ರನ ಮೂರ್ತಿ ಕಟ್ಟಿ, ಕೈಯಲ್ಲಿ ಖಡ್ಗ ಹಿಡಿದ ಪುರವಂತರು. ಅವರ ಹಿಂದೆ ಉರಿಯುವ ಗುಗ್ಗಳದ ಕೊಡ ಹೊತ್ತವರು, ಮದುಮಕ್ಕಳು, ಬೀಗರು. ವಿಜಯಪುರದ ಹಳೇ ಓಣಿ ಇರಲಿ, ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿ ಇರಲಿ, ವೀರಭದ್ರ ಮನೆದೇವರಾದ ಮನೆತನಗಳಿಗೆ ಇದು ಹೊಸ ನೋಟವಲ್ಲ.

ಪುರವಂತರು ಗಲ್ಲಕ್ಕೆ, ನಾಲಿಗೆಗೆ ಶಸ್ತ್ರ ಹಾಕಿಕೊಳ್ಳುವ ಹೊತ್ತಿಗೆ ಎಲ್ಲರ ಮೊಬೈಲ್ ಮೇಲೇಳುತ್ತವೆ. ಅದಕ್ಕೂ ಮೊದಲು ವಾದ್ಯ ನಿಲ್ಲಿಸಿ, ಖಡ್ಗ ಎತ್ತಿ ಅವರು ಹೇಳಿದ ಒಡಪು ಮಾತ್ರ ಹೆಚ್ಚಿನವರ ಮೊಬೈಲಿನಲ್ಲಿ ಇರುವುದಿಲ್ಲ. ಈ ಕುಣಿತ ಯಾಕೆ ಹುಟ್ಟಿತು, ವೀರಭದ್ರನ ಸಿಟ್ಟು ಎಲ್ಲಿಗೆ ಹೋಗಿ ನಿಂತಿತು ಎಂಬುದನ್ನು ಹೇಳುವುದು ಆ ಒಡಪೇ.

ಕರೆಯದ ಅಳಿಯ

ಕಥೆ ಬಹಳ ಹಳೆಯದು. ಮಹಾಭಾರತದಲ್ಲಿದೆ, ಪುರಾಣಗಳಲ್ಲಿದೆ. ದಕ್ಷಬ್ರಹ್ಮ ದೊಡ್ಡ ಯಜ್ಞ ಮಾಡುತ್ತಾನೆ. ದೇವತೆಗಳನ್ನೆಲ್ಲ ಕರೆಯುತ್ತಾನೆ, ಅಳಿಯ ಶಿವನನ್ನು ಮಾತ್ರ ಬಿಡುತ್ತಾನೆ. ತವರುಮನೆಯ ಕಾರ್ಯ ಎಂದು ಮಗಳು ದಾಕ್ಷಾಯಣಿ ಕರೆಯದಿದ್ದರೂ ಹೋಗುತ್ತಾಳೆ. ಅಲ್ಲಿ ಗಂಡನ ನಿಂದೆ ಕೇಳಲಾರದೆ ಪ್ರಾಣ ಬಿಡುತ್ತಾಳೆ. ಸುದ್ದಿ ಕೇಳಿದ ಶಿವ ಜಟೆ ಕಿತ್ತು ನೆಲಕ್ಕೆ ಅಪ್ಪಳಿಸಿದಾಗ ವೀರಭದ್ರ ಹುಟ್ಟುತ್ತಾನೆ. ಯಜ್ಞಶಾಲೆ ಹಾಳಾಗುತ್ತದೆ, ದಕ್ಷನ ತಲೆ ಉರುಳುತ್ತದೆ.

ಬಹಳ ಮಂದಿಗೆ ಗೊತ್ತಿರುವ ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಕಥೆ ಇನ್ನೂ ಇದೆ. ದೇವತೆಗಳು ಬೇಡಿಕೊಂಡಾಗ ಶಿವ ಶಾಂತನಾಗುತ್ತಾನೆ. ದಕ್ಷನಿಗೆ ಕುರಿಯ ತಲೆ ಹಚ್ಚಿ ಜೀವ ಕೊಡುತ್ತಾನೆ. ಕೆಟ್ಟ ಯಜ್ಞವೂ ಪೂರ್ತಿಯಾಗುತ್ತದೆ. ವೀರಭದ್ರನ ಗುಡಿಗೆ ಹೋದಾಗ ಮೂರ್ತಿಯ ಕಾಲ ಬಳಿ ಸರಿಯಾಗಿ ನೋಡಿ. ಕುರಿ ತಲೆಯ ಪುಟ್ಟ ಮೂರ್ತಿಯೊಂದು ಕೈ ಮುಗಿದು ನಿಂತಿರುವುದು ಅನೇಕ ಕಡೆ ಕಾಣುತ್ತದೆ. ಅವನೇ ದಕ್ಷ. ತಪ್ಪು ಮಾಡಿದವನನ್ನು ಶಿಲ್ಪಿಗಳು ಗುಡಿಯಿಂದ ಹೊರಗೆ ಹಾಕಲಿಲ್ಲ, ದೇವರ ಪಕ್ಕದಲ್ಲೇ ನಿಲ್ಲಿಸಿದರು.

ಮದುವೆಯಂಥ ಮಂಗಳಕಾರ್ಯದಲ್ಲಿ ಇಂಥ ಕಥೆ ಯಾಕೆ? ನಮಗೆ ಅನ್ನಿಸುವುದು ಇಷ್ಟು: ಇದು ಮಾವ–ಅಳಿಯರ ಜಗಳದ ಕಥೆ. ತವರು ಮತ್ತು ಗಂಡನ ಮನೆಯ ನಡುವೆ ಸಿಕ್ಕ ಹೆಣ್ಣುಮಗಳ ಕಥೆ. ಒಬ್ಬರನ್ನು ಕರೆಯದೆ ಬಿಟ್ಟರೆ ಮನೆತನ ಹೇಗೆ ಒಡೆಯುತ್ತದೆ ಎಂಬುದು ಹಳ್ಳಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎರಡು ಮನೆತನಗಳು ಸೇರುವ ದಿನವೇ ಅದನ್ನು ನೆನಪಿಸುವುದರಲ್ಲಿ ಅರ್ಥವಿದೆ.

ಕಲ್ಲಿನಲ್ಲಿ, ಕಾವ್ಯದಲ್ಲಿ

ಕುಣಿಯುವ ಶಿವ ನಮ್ಮ ಸೀಮೆಗೆ ಹಳಬ. ಬಾದಾಮಿಯ 1ನೇ ಗುಹೆಯಲ್ಲಿ 18 ಕೈಗಳ ನಟರಾಜನಿದ್ದಾನೆ. 6ನೇ ಶತಮಾನದ ಚಾಲುಕ್ಯರ ಕೆಲಸ ಅದು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಬಾದಾಮಿಯೂ ನಮ್ಮ ಜಿಲ್ಲೆಯಲ್ಲೇ ಇತ್ತು. ಏಳು ಮಾತೃಕೆಯರ ಸಾಲು ಇರುವ ಹಳೆಯ ಕಲ್ಲು ನಿಮ್ಮೂರಲ್ಲಿದ್ದರೆ ಅದನ್ನೂ ನೋಡಿ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಒಂದು ತುದಿಗೆ ಗಣಪತಿ, ಇನ್ನೊಂದು ತುದಿಗೆ ವೀಣೆ ಹಿಡಿದ ವೀರಭದ್ರ ಇರುತ್ತಾರೆ. ಖಡ್ಗ ಹಿಡಿಯುವ ದೇವರು ಅಲ್ಲಿ ವೀಣೆ ನುಡಿಸುತ್ತಾನೆ.

13ನೇ ಶತಮಾನದಲ್ಲಿ ಹಂಪಿಯ ಕವಿ ರಾಘವಾಂಕ ದಕ್ಷಯಜ್ಞದ ಕಥೆಯನ್ನೇ ಹಿಡಿದು ‘ವೀರೇಶ ಚರಿತೆ’ ಬರೆದ. ಅದಕ್ಕೆ ಉದ್ದಂಡ ಷಟ್ಪದಿ ಎಂಬ ಛಂದಸ್ಸನ್ನು ಬಳಸಿದ. ವಿಜಯನಗರದ ಕಾಲದಲ್ಲಿ ವೀರಭದ್ರನಿಗೆ ದೊಡ್ಡ ಗುಡಿಗಳಾದವು. ಹಂಪಿಯ ಉದ್ದಾನ ವೀರಭದ್ರನ ಮೂರ್ತಿ ಸುಮಾರು 12 ಅಡಿ ಎತ್ತರ. ಈಗ ಆಂಧ್ರದಲ್ಲಿರುವ ಲೇಪಾಕ್ಷಿಯ ವೀರಭದ್ರ ಗುಡಿಯನ್ನು ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದರು. ಅಲ್ಲಿ ಕನ್ನಡ ಶಾಸನಗಳಿವೆ. ನಮ್ಮ ಕಡೆಯ ಭಕ್ತರು ನಡೆದುಕೊಳ್ಳುವುದು ಹೆಚ್ಚಾಗಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಗೊಡಚಿಗೆ, ಕೃಷ್ಣಾ ದಂಡೆಯ ಯಡೂರಿಗೆ.

ಬಾಯಲ್ಲಿ ಉಳಿದದ್ದು

ಗುಡಿಗೆ ಬಾರದವರಿಗೆ, ಕಾವ್ಯ ಓದಲು ಬಾರದವರಿಗೆ ಈ ಕಥೆಯನ್ನು ಓಣಿ ಓಣಿಗೆ ಮುಟ್ಟಿಸಿದವರು ಪುರವಂತರು. ಹಳೇ ಮೈಸೂರು ಭಾಗದಲ್ಲಿ ಇದಕ್ಕೆ ವೀರಗಾಸೆ ಎನ್ನುತ್ತಾರೆ, ನಮ್ಮಲ್ಲಿ ಪುರವಂತಿಕೆ. ಒಡಪು, ಕೆಲವು ಕಡೆ ವಡಪು, ಹಾಡಲ್ಲ, ಬರೀ ಮಾತೂ ಅಲ್ಲ. ಒಂದೇ ಉಸಿರಿನಲ್ಲಿ ಸಾಲು ಮೇಲೆ ಸಾಲು ಏರುತ್ತ ಹೋಗುತ್ತದೆ. ನಿಂತ ಕಡೆ ಸಂಬಾಳದ ಪೆಟ್ಟು ಬೀಳುತ್ತದೆ, ಜೊತೆಗಾರರು ದನಿಗೂಡಿಸುತ್ತಾರೆ. ವೀರಭದ್ರನ ಹುಟ್ಟು, ಅವನ ವೇಷ, ಆಯುಧ, ಯಜ್ಞಶಾಲೆಗೆ ನುಗ್ಗಿದ ಬಗೆ, ಕೊನೆಗೆ ದಕ್ಷನಿಗೆ ಸಿಕ್ಕ ಜೀವದಾನ ಎಲ್ಲ ಅದರಲ್ಲಿ ಬರುತ್ತವೆ. ಶರಣರ ಮಾತು ಸೇರಿಸುವವರಿದ್ದಾರೆ, ಆ ಊರಿನ ದೇವರನ್ನು ನೆನೆಯುವವರಿದ್ದಾರೆ. ಹೆಚ್ಚಿನವರು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಹಿರಿಯರ ಹಿಂದೆ ನಿಂತು, ಕೇಳಿ ಕೇಳಿ.

ಹೀಗೆ ಕಲಿತ ವಿದ್ಯೆಗೆ ಒಂದು ಕಷ್ಟವಿದೆ. ಕೇಳುವವರು ಇಲ್ಲದಿದ್ದರೆ ಹೇಳುವವರು ಮೊಟಕು ಮಾಡುತ್ತಾರೆ. ಡಿಜೆ ಹಚ್ಚಿದ ಮೆರವಣಿಗೆಯಲ್ಲಿ ಒಡಪು ಕೇಳಿಸುವುದಿಲ್ಲ. ಮುಹೂರ್ತಕ್ಕೆ ಹೊತ್ತಾಯಿತು ಎಂದು ಯಜಮಾನರು ಅವಸರ ಮಾಡಿದರೆ ಮೊದಲು ಬಿಟ್ಟುಹೋಗುವುದು ಕಥೆಯ ಕೊನೆ, ಅಂದರೆ ಕ್ಷಮೆಯ ಭಾಗ. ಶಸ್ತ್ರ ಉಳಿಯುತ್ತದೆ, ಯಾಕೆಂದರೆ ಅದನ್ನು ನೋಡಲು ಜನರಿದ್ದಾರೆ. ಹೀಗೇ ಆದರೆ ಮುಂದಿನ ತಲೆಮಾರಿಗೆ ವೀರಭದ್ರ ಅಂದರೆ ಸಿಟ್ಟಿನ ದೇವರು ಅಷ್ಟೇ ಆಗುತ್ತಾನೆ. ಸಿಟ್ಟು ಇಳಿದ ಮೇಲೆ ತಪ್ಪು ಮಾಡಿದವನಿಗೂ ಜೀವ ಸಿಕ್ಕಿತು ಎಂಬುದು ಮರೆತುಹೋಗುತ್ತದೆ.

ನಾವು ಮಾಡಬಹುದಾದದ್ದು

ಮುಂದಿನ ಸಲ ನಿಮ್ಮ ಓಣಿಯಲ್ಲಿ ಗುಗ್ಗಳ ಹೊರಟಾಗ ಹತ್ತು ನಿಮಿಷ ಡಿಜೆ ನಿಲ್ಲಿಸಿ. ಪುರವಂತರನ್ನು ಕೇಳಿ, ಅವರು ಒಪ್ಪಿದರೆ ಒಡಪನ್ನು ಮೊದಲಿನಿಂದ ಕೊನೆಯವರೆಗೆ ರೆಕಾರ್ಡ್ ಮಾಡಿ. ವೀಡಿಯೊ ಬೇಕೆಂದೇನೂ ಇಲ್ಲ, ದನಿ ಸಾಕು. ಹೇಳಿದವರು ಯಾರು, ಯಾವ ಊರು, ಯಾರಿಂದ ಕಲಿತರು, ದಿನಾಂಕ ಯಾವುದು ಎಂದು ಅದರಲ್ಲೇ ಹೇಳಿಸಿ. ತಿಳಿಯದ ಶಬ್ದ ಬಂದರೆ ಅವರನ್ನೇ ಕೇಳಿ ಅರ್ಥ ಬರೆದಿಡಿ. ಅವರಿಗೆ ಸಲ್ಲಬೇಕಾದ ಕಾಣಿಕೆಯನ್ನು ಮರೆಯಬೇಡಿ. ಒಂದೇ ಕಥೆಯನ್ನು ತಿಕೋಟಾ ಭಾಗದವರು ಹೇಗೆ ಹೇಳುತ್ತಾರೆ, ಬಬಲೇಶ್ವರದ ಕಡೆಯವರು ಹೇಗೆ ಹೇಳುತ್ತಾರೆ ಎಂದು ಪಕ್ಕಪಕ್ಕ ಇಟ್ಟು ಕೇಳಿದರೆ, ಎಲ್ಲಿ ಏನು ಸೇರಿತು, ಏನು ಬಿಟ್ಟುಹೋಯಿತು ಎಂಬುದು ತಿಳಿಯುತ್ತದೆ. ನಮ್ಮ ಸೀಮೆಯ ಇತಿಹಾಸ ಬರೆಯುವವರಿಗೆ ಮುಂದೆ ಅದು ಬೇಕಾಗುತ್ತದೆ.